ಹಗಲಲ್ಲಿ ತೆಗೆದ ಇರುಳು

ಹಗಲನ್ನು ಇರುಳಾಗಿಸುವ ವಿದ್ಯೆ ನಮಗೆ ಹೊಸದೇನೂ ಅಲ್ಲ. ಕುರುಕ್ಷೇತ್ರದ ಹದಿನಾಲ್ಕನೆಯ ದಿನ ಸೈಂಧವನನ್ನು ಹೊರಗೆಳೆಯುವುದಕ್ಕಾಗಿ ಶ್ರೀಕೃಷ್ಣನು ಸೂರ್ಯನಿಗೆ ಚಕ್ರವನ್ನು ಅಡ್ಡ ಹಿಡಿದ ಕಥೆಯನ್ನು ಕೇಳದ ಕನ್ನಡಿಗರು ವಿರಳ. ಹೊತ್ತು ಮುಳುಗಿತೆಂದು ನಂಬಿ ಸೈಂಧವನು ತಲೆಯೆತ್ತಿದನು, ಚಕ್ರ ಸರಿಯಿತು, ಬಿಸಿಲು ಬಿದ್ದಿತು, ಅವನ ತಲೆಯೂ ಬಿದ್ದಿತು. ಕಥೆ ಹೇಳುವವರು ಕೃಷ್ಣನ ಚಾತುರ್ಯವನ್ನು ಕೊಂಡಾಡಿ ಮುಂದೆ ಸಾಗುತ್ತಾರೆ. ನನಗಾದರೋ ಈಚೆಗೆ ಬೇರೊಂದು ಪ್ರಶ್ನೆ ಹುಟ್ಟಿದೆ. ಅಲ್ಲಿ ನೆರೆದಿದ್ದ ಅಷ್ಟು ಜನರೂ ಆ ಇರುಳನ್ನು ನಂಬಿದ್ದು ಹೇಗೆ? ಹಕ್ಕಿಗಳು ಗೂಡಿಗೆ ಮರಳಿದ್ದುವೇ? ಚುಕ್ಕಿ ಮೂಡಿತ್ತೇ? ಬೆಳಕನ್ನು ತಗ್ಗಿಸಿದ ಮಾತ್ರಕ್ಕೆ ಇರುಳಾಗುವುದೇ?

ಈ ಪ್ರಶ್ನೆ ಹುಟ್ಟಿದ್ದು ಯುದ್ಧಭೂಮಿಯಲ್ಲಲ್ಲ, ವಿಜಯನಗರದ ಮಾರುತಿ ಮಂದಿರದ ಆಚೆಗಿನ ಒಂದು ಮಾಳಿಗೆಯ ಕೋಣೆಯಲ್ಲಿ. ಅಲ್ಲಿ ನನ್ನ ವಿದ್ಯಾರ್ಥಿಯೊಬ್ಬನು ತನ್ನ ದೊಡ್ಡಪ್ಪನ ಮಗನ ಕಂಪ್ಯೂಟರಿನ ಮುಂದೆ ಕುಳಿತು ನನ್ನ ತಾಯಿಯ ಬಾಲ್ಯದ ಒಂದು ರಾತ್ರಿಯನ್ನು ತಯಾರಿಸುತ್ತಿದ್ದನು.

ಸಂಗತಿ ಹೀಗೆ. ನಾನು ಕನ್ನಡ ಪಾಠ ಹೇಳುವ ಕಾಲೇಜಿನ ಕೆಲವರು ಮಕ್ಕಳು ಹತ್ತು ನಿಮಿಷದ ಚಿತ್ರವೊಂದನ್ನು ಮಾಡಬೇಕೆಂದು ಹೊರಟರು. ಕಥೆ ಬೇಕೆಂದು ನನ್ನನ್ನು ಕೇಳಿದರು. ಕಥೆ ಹೇಳುವುದರಲ್ಲಿ ನನಗಿಂತ ನಮ್ಮ ಅಮ್ಮ ಮೇಲು. ಬಸವೇಶ್ವರನಗರದ ನಮ್ಮ ಮನೆಗೆ ಬನ್ನಿ ಎಂದೆ. ಅಮ್ಮ ಹೇಳಿದ್ದು ಒಂದೇ ಕಥೆ. ನಮ್ಮ ಮನೆಯಲ್ಲಿ ನೂರು ಸಲ ಕೇಳಿದ್ದು. 1958ರ ಸುಮಾರಿನ ಮಾರ್ಗಶಿರ ಮಾಸ. ನಾಗಮಂಗಲದ ಸೀಮೆಯ ಒಂದು ಹಳ್ಳಿ. ಊರಾಚೆ ಹೊಲದ ನಡುವೆ ಒಂಟಿ ಮನೆ. ಅಜ್ಜ ಗಾಡಿ ಕಟ್ಟಿಕೊಂಡು ಸಂತೆಗೆ ಹೋಗಿದ್ದಾರೆ. ರಾತ್ರಿ ಅಜ್ಜಿಗೆ ಹೆರಿಗೆಯ ಬೇನೆ ಕಾಣಿಸಿಕೊಂಡಿತು. ಅವರನ್ನು ಬಿಟ್ಟು ಕದಲುವಂತಿಲ್ಲದ ಅಮ್ಮನ ಸೋದರತ್ತೆ ಲಾಟೀನಿಗೆ ಎಣ್ಣೆ ಹಾಕಿ, ಹಚ್ಚಿ, ಹನ್ನೊಂದು ವರ್ಷದ ಹುಡುಗಿಯ ಕೈಗಿತ್ತು, ಎರಡು ಮೈಲಿ ಆಚೆಯ ಊರಿನಿಂದ ಸೂಲಗಿತ್ತಿಯನ್ನು ಕರೆತರಲು ಕಳಿಸಿದರು. ಅರ್ಧ ದಾರಿಯಲ್ಲಿ ಲಾಟೀನು ಆರಿತು. ಹುಡುಗಿ ಕತ್ತಲೆಯಲ್ಲೇ ನಡೆದು ಸೂಲಗಿತ್ತಿಯ ಬಾಗಿಲು ಬಡಿದಳು. ಇಬ್ಬರೂ ಹೊತ್ತಿಗೆ ಸರಿಯಾಗಿ ಮನೆ ಸೇರಿದರು. ಬೆಳಗಿನ ಜಾವ ಹುಟ್ಟಿದ ಗಂಡುಮಗುವೇ ನನ್ನ ಸೋದರಮಾವ. ಆತನು ಕಳೆದ ವರ್ಷ ತೀರಿಕೊಂಡನು. ಅಮ್ಮ ಆ ಕಥೆಯನ್ನು ಮತ್ತೆ ಮತ್ತೆ ಹೇಳತೊಡಗಿದ್ದಕ್ಕೆ ಅದೂ ಒಂದು ಕಾರಣವಿರಬೇಕು.

ಮಕ್ಕಳಿಗೆ ಕಥೆ ಹಿಡಿಸಿತು. ತೊಡಕಿದ್ದುದು ರಾತ್ರಿಯದು. ರಾತ್ರಿಯನ್ನು ರಾತ್ರಿಯಲ್ಲೇ ಚಿತ್ರಿಸಬೇಕಾದರೆ ದೊಡ್ಡ ದೀಪಗಳು ಬೇಕು, ದೀಪಕ್ಕೆ ಜನರೇಟರು ಬೇಕು, ಅವಕ್ಕೆಲ್ಲ ಹಣ ಬೇಕು. ಪಾತ್ರ ವಹಿಸುವವಳು ಹತ್ತು ವರ್ಷದ ಹುಡುಗಿ, ತಂಡದ ಒಬ್ಬಳ ತಂಗಿ; ಅವಳನ್ನು ನಡುರಾತ್ರಿ ಹೊಲಕ್ಕೆ ಕಳಿಸಲು ಯಾವ ತಾಯಿ ಒಪ್ಪುತ್ತಾಳೆ? ಆದ್ದರಿಂದ ಹಗಲಲ್ಲೇ ತೆಗೆದು ಕಂಪ್ಯೂಟರಿನಲ್ಲಿ ರಾತ್ರಿ ಮಾಡುವುದೆಂದು ತೀರ್ಮಾನವಾಯಿತು. ಕೆಂಗೇರಿಯಿಂದ ಮುಂದೆ ರಾಮೋಹಳ್ಳಿಯ ಕಡೆ, ದೊಡ್ಡ ಆಲದ ಮರಕ್ಕೆ ಹೋಗುವ ದಾರಿಯಿಂದ ಒಳಕ್ಕೆ ಸರಿದರೆ, ಇನ್ನೂ ರಾಗಿ ಬೆಳೆಯುವ ನಾಲ್ಕಾರು ಹೊಲಗಳು ಉಳಿದಿವೆ. ನವೆಂಬರಿನ ಕೊನೆಯ ಒಂದು ಭಾನುವಾರ, ಸುಡುವ ಮಧ್ಯಾಹ್ನದಲ್ಲಿ, ಆ ಹೊಲದ ಬದುವಿನ ಮೇಲೆ ಕೆಂಪು ಲಂಗದ ಹುಡುಗಿ ಲಾಟೀನು ಹಿಡಿದು ನಡೆದಳು.

ಇಂತಹ ಚಿತ್ರಣಕ್ಕೆ ಸಿನಿಮಾದವರು ‘ಡೇ ಫಾರ್ ನೈಟ್’ ಎನ್ನುತ್ತಾರೆ. ಹಾಲಿವುಡ್ಡಿನವರಿಂದ ಬಂದ ಉಪಾಯವೆಂದು ಫ್ರೆಂಚರು ಇದನ್ನು ‘ಅಮೆರಿಕದ ರಾತ್ರಿ’ ಎಂದು ಕರೆದರು; ಅದೇ ಹೆಸರಿನಿಂದ ಫ್ರಾನ್ಸ್ವಾ ತ್ರೂಫೋ 1973ರಲ್ಲಿ ಒಂದು ಚಿತ್ರವನ್ನೇ ತೆಗೆದನು. ಕಪ್ಪು ಬಿಳುಪಿನ ಕಾಲದಲ್ಲಿ ಉಪಾಯ ಸುಲಭವಾಗಿತ್ತು. ಮಸೂರದ ಮುಂದೆ ಕೆಂಪು ಗಾಜೊಂದನ್ನು ಇಟ್ಟರೆ ನೀಲಿ ಆಕಾಶ ಕಪ್ಪಾಗುತ್ತದೆ. ಬೆಳಕನ್ನು ಎರಡು ಮೆಟ್ಟಿಲಷ್ಟು ತಗ್ಗಿಸಿದರೆ ನೆಲವೂ ಮಬ್ಬಾಗುತ್ತದೆ. ಸೂರ್ಯನನ್ನು ಪಾತ್ರದ ಬೆನ್ನ ಹಿಂದಿರಿಸಿಕೊಂಡರೆ ಕೂದಲಂಚಿನ ಬಿಸಿಲು ಬೆಳದಿಂಗಳಾಗುತ್ತದೆ. ಬಣ್ಣ ಬಂದ ಮೇಲೆ ಈ ಕೆಂಪು ಗಾಜು ಕೆಲಸಕ್ಕೆ ಬಾರದಾಯಿತು, ಏತಕ್ಕೆಂದರೆ ಚಿತ್ರವೆಲ್ಲ ಕೆಂಪಾಗುತ್ತಿತ್ತು. ಕನ್ನಡದ ಮೊದಲ ವರ್ಣಚಿತ್ರ ‘ಅಮರಶಿಲ್ಪಿ ಜಕಣಾಚಾರಿ’ ಬಂದುದು 1964ರಲ್ಲಿ. ಬಣ್ಣದ ಚಿತ್ರಗಳಲ್ಲಿ ಒಳಾಂಗಣದ ದೀಪಗಳಿಗೆಂದು ಮಾಡಿದ ಫಿಲ್ಮನ್ನು ಬಿಸಿಲಿನಲ್ಲಿ ಬಳಸುವುದು ಇನ್ನೊಂದು ಉಪಾಯ; ಆಗ ಎಲ್ಲವೂ ನೀಲಿಯಾಗಿ ಬೀಳುತ್ತದೆ. ಸಿನಿಮಾದ ಇರುಳಿಗೆ ನೀಲಿ ಬಣ್ಣ ಅಂಟಿಕೊಂಡುದರಲ್ಲಿ ಈ ಉಪಾಯದ ಪಾಲೂ ಉಂಟು.

ಈಗ ಗಾಜಿನ ಕೆಲಸವನ್ನೂ ಫಿಲ್ಮಿನ ಕೆಲಸವನ್ನೂ ಕಂಪಾಸಿಟಿಂಗ್ ತಂತ್ರಾಂಶಗಳು ಮಾಡುತ್ತವೆ. ಆಫ್ಟರ್ ಎಫೆಕ್ಟ್ಸ್, ನ್ಯೂಕ್, ಫ್ಯೂಶನ್ ಎಂದು ಅವುಗಳಿಗೆ ಹೆಸರು. ತತ್ತ್ವ ಸರಳ. ಒಂದು ಚಿತ್ರವನ್ನು ಪದರಪದರವಾಗಿ ಬಿಡಿಸಿ, ಒಂದೊಂದು ಪದರವನ್ನೂ ಬೇರೆ ಬೇರೆಯಾಗಿ ತಿದ್ದಿ, ಮತ್ತೆ ಒಂದರ ಮೇಲೊಂದು ಹೊದಿಸುವುದು. ಹಗಲಲ್ಲಿ ಎಲ್ಲಕ್ಕಿಂತ ಬೆಳ್ಳಗಿರುವುದು ಆಕಾಶ. ಇಡೀ ಚಿತ್ರವನ್ನು ಕಪ್ಪಾಗಿಸುತ್ತ ಹೋದರೆ ಅದು ಬೂದಿ ಬಣ್ಣದ ಮುಚ್ಚಳದಂತೆ ಮೇಲೆ ಉಳಿಯುತ್ತದೆ. ಆದ್ದರಿಂದ ಮೊದಲು ಆಕಾಶವನ್ನು ಕತ್ತರಿಸಿ ತೆಗೆದು ಬೇರೆಯದನ್ನು ಕೂರಿಸಬೇಕು. ಬಿಸಿಲಿನಲ್ಲಿ ಲಾಟೀನಿನ ಬೆಳಕು ಕಾಣುವುದೇ ಇಲ್ಲ. ಅದರ ಸುತ್ತ ಹಳದಿಯ ವೃತ್ತವೊಂದನ್ನು ಬರೆದು, ಲಾಟೀನು ತೂಗಾಡಿದಂತೆಲ್ಲ ಆ ವೃತ್ತವೂ ತೂಗಾಡುವಂತೆ ನೋಡಿಕೊಳ್ಳಬೇಕು. ಸೆಕೆಂಡಿಗೆ 24 ಚಿತ್ರಗಳು. ಅರ್ಧ ನಿಮಿಷದ ದೃಶ್ಯಕ್ಕೆ 720. ದೀಪದ ಬೆಳಕಿಗೂ ಒಂದು ಕಟ್ಟಳೆಯುಂಟು: ದೂರ ಎರಡರಷ್ಟಾದರೆ ಬೆಳಕು ನಾಲ್ಕನೆಯ ಒಂದು ಪಾಲಾಗಬೇಕು. ಇದಲ್ಲದೆ ನಮ್ಮ ಹುಡುಗರಿಗೆ ಇನ್ನೊಂದು ಶ್ರಮ. ಹಗಲನ್ನು ಇರುಳಾಗಿಸುವ ಮುನ್ನ ಇಂದನ್ನು ಅಂದಾಗಿಸಬೇಕಾಗಿತ್ತು. ವಿದ್ಯುತ್ ಕಂಬ, ತಂತಿ, ಮೊಬೈಲ್ ಗೋಪುರ, ದೂರದ ಬಹುಮಹಡಿ ಕಟ್ಟಡ, ಇವನ್ನೆಲ್ಲ ಒಂದೊಂದಾಗಿ ಅಳಿಸಿದರು.

“ಇಷ್ಟೆಲ್ಲ ಸುಳ್ಳು ಹೇಳಿದ ಮೇಲೆ ನಿಜವೇನು ಉಳಿಯಿತಯ್ಯ?” ಎಂದು ನಾನು ನಗುತ್ತ ಕೇಳಿದೆ.

“ನೆರಳು ಉಳೀತು ಸರ್,” ಎಂದನು ಹುಡುಗ.

ಅವನ ಮಾತಿನಲ್ಲಿ ಹುರುಳಿತ್ತು. ಬೆಳದಿಂಗಳೆಂದರೆ ಬೇರೇನು? ಚಂದ್ರನ ಮೇಲೆ ಬಿದ್ದು ನಮ್ಮತ್ತ ತಿರುಗಿದ ಬಿಸಿಲೇ. ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ಸುಮಾರು 12 ಪಾಲನ್ನು ಮಾತ್ರ ಚಂದ್ರ ಹಿಂದಿರುಗಿಸುತ್ತಾನೆ. ನಮ್ಮ ನೆಲಕ್ಕೆ ಬರುವಷ್ಟರಲ್ಲಿ ಹುಣ್ಣಿಮೆಯ ಬೆಳಕು ಬಿಸಿಲಿನ ಸುಮಾರು ನಾಲ್ಕು ಲಕ್ಷದಲ್ಲಿ ಒಂದು ಪಾಲಾಗಿರುತ್ತದೆ. ಆದರೆ ಸೂರ್ಯ ಚಂದ್ರರಿಬ್ಬರೂ ನಮ್ಮ ಕಣ್ಣಿಗೆ ಒಂದೇ ಗಾತ್ರ, ಅರ್ಧ ಡಿಗ್ರಿಯಷ್ಟು. ಆದ ಕಾರಣ ಇಬ್ಬರೂ ಕೆಡೆಯುವ ನೆರಳಿನ ಅಂಚು ಒಂದೇ ಬಗೆಯದು. ಹುಣ್ಣಿಮೆಯ ರಾತ್ರಿ ಕ್ಯಾಮೆರಾವನ್ನು ಅಲುಗದಂತೆ ನಿಲ್ಲಿಸಿ ಬಹಳ ಹೊತ್ತು ಬೆಳಕು ಕುಡಿಸಿದರೆ ಬರುವ ಚಿತ್ರ ಹಗಲಿನ ಚಿತ್ರದಂತೆಯೇ ಇರುತ್ತದೆ. ಆಕಾಶ ನೀಲಿ, ಹುಲ್ಲು ಹಸಿರು. ಯಂತ್ರದ ಮಟ್ಟಿಗೆ ಹಗಲೂ ಬೆಳದಿಂಗಳೂ ಒಂದೇ ಕುಲದವು. ಭೇದವೆಲ್ಲ ನಮ್ಮ ಕಣ್ಣಿನದು.

ಸೂರ್ಯನನ್ನು ಹೇಳಿದಂತೆ ಕೇಳಿಸುವ ವಿದ್ಯೆಯಲ್ಲಿ ಕನ್ನಡಿಗರೊಬ್ಬರ ಹೆಸರು ದೊಡ್ಡದು. ಮೈಸೂರಿನಲ್ಲಿ ಹುಟ್ಟಿ, ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ ಛಾಯಾಗ್ರಹಣ ಕಲಿತು, ಮುಂಬಯಿಗೆ ಹೋದ ವಿ. ಕೆ. ಮೂರ್ತಿಯವರು 1959ರ ‘ಕಾಗಜ್ ಕೆ ಫೂಲ್’ ಚಿತ್ರಕ್ಕಾಗಿ ಹೊರಗಿನ ಬಿಸಿಲನ್ನು ದೊಡ್ಡ ಕನ್ನಡಿಗಳಿಂದ ಸ್ಟುಡಿಯೋದ ಕತ್ತಲೆಯೊಳಕ್ಕೆ ತಿರುಗಿಸಿ ಒಂದು ಬೆಳಕಿನ ಕಂಬವನ್ನೇ ನಿಲ್ಲಿಸಿದರು. ತ್ರಿವೇಣಿಯವರ ಕಾದಂಬರಿಯನ್ನು ಆಧರಿಸಿದ ಕನ್ನಡದ ‘ಹೂವು ಹಣ್ಣು’ ಚಿತ್ರಕ್ಕೂ ಅವರದೇ ಛಾಯಾಗ್ರಹಣ. ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕರು ಅವರು. ಅದೇ ಪಾಲಿಟೆಕ್ನಿಕ್ಕಿನಲ್ಲಿ ಕಲಿತು, ಮೂರ್ತಿಯವರ ಕೈಕೆಳಗೆ ಪಳಗಿದ ಗೋವಿಂದ ನಿಹಲಾನಿಯವರು 1973ರಲ್ಲಿ ನಮ್ಮ ‘ಕಾಡು’ ಚಿತ್ರಕ್ಕೆ ಕ್ಯಾಮೆರಾ ಹಿಡಿದರು. ಇಂದಿಗೂ ಈ ವಿದ್ಯೆ ಅಳಿದಿಲ್ಲ. 2015ರ ‘ಮ್ಯಾಡ್ ಮ್ಯಾಕ್ಸ್: ಫ್ಯೂರಿ ರೋಡ್’ ಚಿತ್ರದ ಮರುಭೂಮಿಯ ರಾತ್ರಿಗಳು ನಮೀಬಿಯಾದ ಹಗಲುಗಳು, ಅಲ್ಲಿಯವರು ಹಳೆಯ ಕ್ರಮಕ್ಕೆ ತಿರುವು ಹಾಕಿ, ಬೇಕಾದುದಕ್ಕಿಂತ ಹೆಚ್ಚು ಬೆಳಕು ತುಂಬಿಸಿ ತೆಗೆದು, ಆಮೇಲೆ ಕಂಪ್ಯೂಟರಿನಲ್ಲಿ ಕತ್ತಲಾಗಿಸಿದರು. 2022ರ ‘ನೋಪ್’ ಚಿತ್ರದಲ್ಲಿ ಅವಕೆಂಪು ಕಿರಣಗಳನ್ನು ಕಾಣುವ ಕ್ಯಾಮೆರಾವನ್ನು ಇನ್ನೊಂದು ಕ್ಯಾಮೆರಾಕ್ಕೆ ಜೋಡಿಸಿ ಹಗಲಲ್ಲೇ ಇರುಳನ್ನು ಹಿಡಿದರು. ಕಂಠೀರವ ಸ್ಟುಡಿಯೋದ ಮುಂದೆ ದಿನವೂ ಬಸ್ಸಿನಲ್ಲಿ ಹಾದುಹೋಗುವ ನಮ್ಮ ಹುಡುಗರಿಗೆ ಇವೆಲ್ಲ ಬಾಯಿಪಾಠ.

ಹದಿನೈದು ದಿನದ ಮೇಲೆ ಕೆಲಸ ಮುಗಿಯಿತೆಂದು ಹೇಳಿ ಲ್ಯಾಪ್‌ಟಾಪನ್ನು ನಮ್ಮ ಮನೆಗೇ ತಂದರು. ನನಗೆ ಬೆರಗಾಯಿತು. ನೀಲಿ ಆಕಾಶದಲ್ಲಿ ಪೂರ್ಣಚಂದ್ರ, ಮಿನುಗುವ ಚುಕ್ಕಿಗಳು, ಬೆಳ್ಳಿಯ ಅಂಚಿನ ರಾಗಿಯ ಹೊಲ, ಕೆಂಪು ಲಂಗದ ಹುಡುಗಿ, ಕೈಯಲ್ಲಿ ಹೊನ್ನಿನ ಬೆಳಕು. ಎಲ್ಲರೂ ಅಮ್ಮನ ಮುಖ ನೋಡಿದೆವು. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

“ಇದೇನಪ್ಪಾ, ರಾತ್ರಿಗೆ ನೀಲಿ ಅದ್ದಿ ಒಣಗಾಕಿದ್ದೀರಾ?” ಎಂದರು.

ಬಿಳಿಯ ಪಂಚೆಗೆ ನೀಲಿ ಹಾಕುವುದು ಗೊತ್ತಿದ್ದವರಿಗಷ್ಟೆ ಆ ಮಾತಿನ ಮೊನೆ ತಿಳಿದೀತು. ಹುಡುಗರು ನಕ್ಕರು; ಒಳಗೊಳಗೇ ನೊಂದರು. ಅಮ್ಮ ಬಿಡಲಿಲ್ಲ. “ಅಲ್ಲೆಲ್ಲೋ ಕಾಗೆ ಕೂಗ್ತೈತಲ್ಲ,” ಎಂದರು. ನಿಜ, ಹೆಜ್ಜೆಯ ಸದ್ದಿಗಾಗಿ ಉಳಿಸಿಕೊಂಡಿದ್ದ ಧ್ವನಿಯಲ್ಲಿ ದೂರದ ಕಾಗೆಯೊಂದು ಸೇರಿಹೋಗಿತ್ತು, ನಮ್ಮ ಯಾರ ಕಿವಿಗೂ ಬಿದ್ದಿರಲಿಲ್ಲ. “ಲಂಗ ಕೆಂಪಗೈತೆ. ದೀಪ ಆರಿದ ಮೇಲೆ ಕೆಂಪು ಎಲ್ಲಿ ಕಾಣ್ತದೆ? ಕರಿ ಲಂಗ ಉಟ್ಟಂಗಿತ್ತು ನನಗೆ.” ಆಮೇಲೆ ಚಂದ್ರನತ್ತ ಬೆರಳು ಮಾಡಿ, “ಇವ್ನು ಇರ್ನಿಲ್ಲ. ಬಹುಳದ ಅಷ್ಟಮಿ ಅದು. ಹೋಗೋವಾಗ ಕತ್ತಲೆ. ಅವ್ವನ್ನ ಕರ್ಕೊಂಡು ಬರೋವಾಗ ಹಿಂದೆ ಹುಟ್ದ. ನನ್ನ ನೆರಳು ಮುಂದೆ ಉದ್ದಕೆ ಬಿದ್ದು, ನನಗಿಂತ ಮೊದಲೇ ಮನೆಗೆ ಹೋಗ್ತಿತ್ತು,” ಎಂದರು. ಕೊನೆಗೆ ಆ ಹುಡುಗಿಯ ಕಡೆ ತಿರುಗಿ, “ನೀನು ಚೆನ್ನಾಗಿ ಮಾಡಿದ್ದೀಯ ಕಣವ್ವ. ಆದ್ರೆ ರಾತ್ರಿ ಹೊತ್ತು ಹಂಗೆ ನಡೆಯಕಿಲ್ಲ. ಕಾಲಲ್ಲಿ ನೋಡ್ಕೊಂಡು ನಡೀಬೇಕು. ದಾರೀನ ನೆಟ್ಟಗೆ ನೋಡಿದ್ರೆ ಕಾಣಕಿಲ್ಲ, ಪಕ್ಕಕ್ಕೆ ನೋಡಿದ್ರೆ ಕಾಣ್ತದೆ,” ಎಂದರು.

ಹುಡುಗರು ಹೋದ ಮೇಲೆ ನನ್ನ ತಲೆಯಲ್ಲಿ ಈ ಮಾತುಗಳೇ ಸುತ್ತುತ್ತಿದ್ದುವು. ಪುಸ್ತಕಗಳನ್ನು ತಿರುವಿ ನೋಡಿದೆ. ಶಾಲೆಯ ಮೆಟ್ಟಿಲನ್ನು ಹೆಚ್ಚು ಹತ್ತದ ನಮ್ಮ ಅಮ್ಮ ಹೇಳಿದ್ದರಲ್ಲಿ ಒಂದು ಮಾತೂ ಹುಸಿಯಾಗಿರಲಿಲ್ಲ. ನಮ್ಮ ಕಣ್ಣಿನ ಹಿಂಭಾಗದ ಪರದೆಯಲ್ಲಿ ಎರಡು ಬಗೆಯ ಕಣಗಳಿವೆ. ಶಂಕುವಿನಾಕಾರದ ಸುಮಾರು 60 ಲಕ್ಷ ಕಣಗಳು ಬಣ್ಣವನ್ನು ಕಾಣುತ್ತವೆ. ಅವಕ್ಕೆ ಹೆಚ್ಚು ಬೆಳಕು ಬೇಕು. ಕಡ್ಡಿಯಾಕಾರದ ಸುಮಾರು 12 ಕೋಟಿ ಕಣಗಳು ಅಲ್ಪ ಬೆಳಕಿನಲ್ಲೂ ಕಾಣಬಲ್ಲವು. ಆದರೆ ಅವಕ್ಕೆ ಬಣ್ಣ ತಿಳಿಯದು, ಕೆಂಪಂತೂ ಅವುಗಳ ಪಾಲಿಗೆ ಕಪ್ಪು. ಹಗಲು ಬಾಡಿದಂತೆ ಕಣ್ಣಿನ ಆಡಳಿತ ಮೊದಲನೆಯವರ ಕೈಯಿಂದ ಎರಡನೆಯವರ ಕೈಗೆ ಹೋಗುತ್ತದೆ. ಬಿಸಿಲಿನಲ್ಲಿ ಉರಿಯುವಂತಿದ್ದ ಕೆಂಪು ಹೂ ಮುಂಜಾವದ ಮಬ್ಬಿನಲ್ಲಿ ಎಲೆಗಿಂತ ಕಪ್ಪಾಗಿ ಕಾಣುವುದನ್ನು 19ನೆಯ ಶತಮಾನದ ಆದಿಯಲ್ಲಿ ಬೊಹೀಮಿಯಾದ ವಿಜ್ಞಾನಿ ಪುರ್ಕಿನ್ಯೆ ಗಮನಿಸಿದನು. ಅವನ ಹೆಸರೇ ಆ ಪರಿಣಾಮಕ್ಕೆ ನಿಂತಿದೆ. ನಮ್ಮ ನೋಟದ ನಟ್ಟನಡುವಿನ ಚುಕ್ಕೆಯಲ್ಲಿ ಕಡ್ಡಿಯಾಕಾರದ ಕಣಗಳು ಇಲ್ಲವೇ ಇಲ್ಲ. ಆದ್ದರಿಂದಲೇ ಕತ್ತಲೆಯಲ್ಲಿ ದಿಟ್ಟಿಸಿದ್ದು ಮಾಯವಾಗಿ, ಓರೆನೋಟಕ್ಕೆ ಸಿಕ್ಕಿದ್ದು ಕಾಣುತ್ತದೆ. ಇನ್ನು ಚಂದ್ರನ ಲೆಕ್ಕ. ಕೃಷ್ಣಪಕ್ಷದ ಅಷ್ಟಮಿಯ ಚಂದ್ರ ಮೂಡಣದಲ್ಲಿ ಏಳುವುದು ನಡುರಾತ್ರಿಯ ಸುಮಾರಿಗೆ. ಅರ್ಧಚಂದ್ರನಾದರೂ ಅವನ ಬೆಳಕು ಹುಣ್ಣಿಮೆಯ ಅರ್ಧವಲ್ಲ, ಸುಮಾರು ಹತ್ತರಲ್ಲಿ ಒಂದು ಪಾಲು.

ನಡಿಗೆಯ ಮಾತು ನನ್ನ ಮೇಷ್ಟರಿಕೆಗೇ ತಾಗಿತು. ಶೂದ್ರಕನ ‘ಮೃಚ್ಛಕಟಿಕ’ವನ್ನು ತರಗತಿಯಲ್ಲಿ ವಿವರಿಸಿದವನು ನಾನು. ಅದರ ಮೊದಲನೆಯ ಅಂಕದಲ್ಲಿ ವಸಂತಸೇನೆ ಕತ್ತಲೆಯಲ್ಲಿ ತಪ್ಪಿಸಿಕೊಳ್ಳುತ್ತಾಳೆ. ಶಕಾರನು ತಡಕಾಡಿ ಯಾರನ್ನೋ ಹಿಡಿದು ಇವಳೆನ್ನುತ್ತಾನೆ. ರಂಗದ ಮೇಲೆ ಕತ್ತಲೆಯಿಲ್ಲ. ನೋಡುವವರಿಗೆ ಎಲ್ಲರೂ ಕಾಣುತ್ತಿರಬೇಕು. ಕತ್ತಲೆಯನ್ನು ತರಬೇಕಾದುದು ನಟರ ಕೈಕಾಲು. ಕಂಪ್ಯೂಟರ್ ಎಷ್ಟು ಕಪ್ಪು ಬಳಿದರೇನು, ನಡೆಯುವವಳು ಹಗಲಿನವಳಾದರೆ ಇರುಳು ಹುಟ್ಟೀತೆಲ್ಲಿ?

ಹುಡುಗರನ್ನು ದೂರಬೇಕಾಗಿಲ್ಲ. ಅವರು ಕತ್ತಲೆಯನ್ನು ಕಂಡದ್ದಾದರೂ ಎಲ್ಲಿ? ಶಿವನಸಮುದ್ರದ ವಿದ್ಯುತ್ತಿನಿಂದ ಬೆಂಗಳೂರಿನ ಬೀದಿಗಳಲ್ಲಿ ದೀಪ ಹೊತ್ತಿಕೊಂಡದ್ದು 1905ರ ಆಗಸ್ಟಿನಲ್ಲಿ. ಅಂದಿನಿಂದ ಇಂದಿನವರೆಗೆ ಈ ಊರು ಇರುಳನ್ನು ಗೇಣುಗೇಣಾಗಿ ಹಿಂದಕ್ಕೆ ತಳ್ಳುತ್ತ ಬಂದಿದೆ. ರಾಜಾಜಿನಗರದ ನಡುರಾತ್ರಿಯಲ್ಲೂ ಬೀದಿಯ ಅಂಗಡಿಯ ಫಲಕವನ್ನು ಓದಬಹುದು. ಈ ಮಕ್ಕಳು ಇರುಳನ್ನು ಕಂಡದ್ದು ಸಿನಿಮಾದಲ್ಲಿ. ಸಿನಿಮಾದ ಇರುಳು ನೀಲಿ. ಆದ್ದರಿಂದ ಅವರ ಇರುಳೂ ನೀಲಿ. ನಕಲಿನ ನಕಲು. ನಾನೇನು ಮೇಲಾಗಿರಲಿಲ್ಲ, ಬೆರಗಾದವರಲ್ಲಿ ನಾನೇ ಮೊದಲಿಗನಲ್ಲವೆ?

ಹುಡುಗರು ಸೋತು ಕೂರಲಿಲ್ಲ. ಅದೇ ಡಿಸೆಂಬರಿನಲ್ಲಿ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದು ಬೆಂಗಳೂರಿನ ಮೇಲೆ ಮೂರು ದಿನ ಮೋಡ ಕವಿಯಿತು. ಊರೆಲ್ಲ ಬೆಚ್ಚಗೆ ಹೊದ್ದು ಕುಳಿತಿರುವಾಗ ಅವರು ರಾಮೋಹಳ್ಳಿಯ ಹೊಲಕ್ಕೆ ಓಡಿದರು. ಮೋಡದ ಹಗಲಿಗೆ ನೆರಳಿಲ್ಲ. ಚುಕ್ಕಿಯ ಬೆಳಕಿಗೂ ನೆರಳಿಲ್ಲ. ಎರಡೂ ಆಕಾಶದ ಎಲ್ಲ ಕಡೆಯಿಂದ ಬರುತ್ತವೆ. ಚಂದ್ರನಿಲ್ಲದ ಹೋಗುವ ದಾರಿಯನ್ನು ಆ ಮೋಡದಲ್ಲಿ ತೆಗೆದರು. ವಾರ ಕಳೆದು ಆಕಾಶ ತಿಳಿಯಾದ ಮೇಲೆ, ಬೆಳಗಿನ ಏಳರ ಎಳೆ ಬಿಸಿಲನ್ನು ಬೆನ್ನಿಗಿಟ್ಟುಕೊಂಡು ಬರುವ ದಾರಿಯನ್ನು ತೆಗೆದರು. ಮೂಡಣದಲ್ಲಿ ಏಳುವ ಚಂದ್ರನ ಪಾತ್ರವನ್ನು ಮೂಡಣದಲ್ಲಿ ಏಳುವ ಸೂರ್ಯನೇ ವಹಿಸಿದನು. ಹುಡುಗಿಯ ನೆರಳು ಬದುವಿನ ಮೇಲೆ ಮಾರುದ್ದ ಚಾಚಿತು. ಅಮ್ಮನನ್ನೂ ಕರೆದೊಯ್ದಿದ್ದೆವು, ಅವರು ಹುಡುಗಿಗೆ ಒಂದು ಗಂಟೆ ಕಣ್ಣಿಗೆ ಬಟ್ಟೆ ಕಟ್ಟಿ ನಡೆಸಿ, ಆಮೇಲೆ ಬಟ್ಟೆ ಬಿಚ್ಚಿ, “ಈಗ ಹಂಗೇ ನಡಿ,” ಎಂದರು.

ತಂತ್ರಾಂಶದಲ್ಲಿಯೂ ಕೆಲಸ ಮೊದಲಿಂದ ನಡೆಯಿತು. ನೀಲಿಯನ್ನು ಬಹಳ ಮಟ್ಟಿಗೆ ಹಿಂತೆಗೆದುಕೊಂಡರು. ಕೆಂಪನ್ನು ಮಾತ್ರ ಆರಿಸಿ, ಲಾಟೀನಿನ ವೃತ್ತದ ಹೊರಗೆ ಕಪ್ಪಾಗಿಸಿದರು. ಎಳೆ ಬಿಸಿಲಿನ ಹೊಂಬಣ್ಣವನ್ನು ಹಿಂಡಿ ತೆಗೆದರು. ಚುಕ್ಕಿಗಳನ್ನು ಸಣ್ಣದಾಗಿಸಿ ಹೆಚ್ಚಿಸಿದರು. ಕಾಗೆಯನ್ನು ಅಟ್ಟಿ ಜೀರುಂಡೆಯನ್ನು ಕರೆತಂದರು.

ಎರಡನೆಯ ಸಲ ಅಮ್ಮ ನೋಡಿದ್ದು ವಿಜಯನಗರದ ಆ ಮಾಳಿಗೆಯ ಕೋಣೆಯಲ್ಲೇ. ಕಿಟಕಿಗೆ ಕಂಬಳಿ ಹೊದಿಸಿ ದೀಪ ಆರಿಸಿದ್ದರು. ಲಾಟೀನು ತೂಗುತ್ತ ಬಂದಿತು; ಹೊಲದ ಮೇಲೆ ಹಳದಿಯ ವೃತ್ತ, ಅದರಾಚೆ ಏನೂ ಇಲ್ಲ. ಅಮ್ಮ ಮಾತಾಡಲಿಲ್ಲ. ಜ್ವಾಲೆ ನಡುಗಿತು, ಎಣ್ಣೆ ತೀರಿ ಲಾಟೀನು ಆರಿತು, ತೆರೆ ಕಾಡಿಗೆಯಂತೆ ಕಪ್ಪಾಗಿ, ಹೆಜ್ಜೆಯ ಸದ್ದಷ್ಟೇ ಉಳಿಯಿತು. ಹುಡುಗರು ಬಹಳ ಮೆಚ್ಚಿಕೊಂಡಿದ್ದ ಘಟ್ಟ ಅದು.

“ಹಿಂಗಲ್ಲ,” ಎಂದರು ಅಮ್ಮ.

ಹುಡುಗನು ಚಿತ್ರವನ್ನು ನಿಲ್ಲಿಸಿದನು. “ಏನು ಅಜ್ಜಿ?”

“ಆರಿದ ಮೇಲೆ ಹಿಂಗೆ ಕಪ್ಪಾಗ್ನಿಲ್ಲ. ಆರಿದ ಮೇಲೇ ಕಾಣಕ್ಕೆ ಸುರುವಾಗಿದ್ದು. ಮೊದಲು ಏನೂ ಇಲ್ಲ. ಆಮೇಲೆ ಬದು ಬಂತು. ಆಮೇಲೆ ರಾಗಿ ತೆನೆ ಬಂತು. ಆಮೇಲೆ ಗುಡ್ಡ ಬಂತು. ಲಾಟೀನು ಇರೋಗಂಟ ಸುತ್ತ ಕರಿ ಗೋಡೆ ಎದ್ದಂಗಿತ್ತು. ನನ್ನ ನೆರಳೇ ಮರದಷ್ಟಾಗಿ ಅತ್ತಿತ್ತ ಕುಣೀತಿತ್ತು. ಅದ ನೋಡೇ ನನಗೆ ಜೀವ ಹೋಗ್ತಿತ್ತು. ಅದಕ್ಕೇ—”

ಅಮ್ಮ ನಿಲ್ಲಿಸಿದರು. ಕೋಣೆಯಲ್ಲಿ ಯಾರೂ ಉಸಿರೆತ್ತಲಿಲ್ಲ.

“ಅದಕ್ಕೇ ನಾನೇ ಆರಿಸ್ದೆ,” ಎಂದರು.

ಈ ಮಾತಿನ ತೂಕ ಆ ಮಕ್ಕಳಿಗೆ ತಿಳಿಯುವಂತಿರಲಿಲ್ಲ. ನನಗೆ ತಿಳಿಯಿತು. ನಮ್ಮ ಮನೆತನದಲ್ಲಿ ಆ ಕಥೆಗೊಂದು ಬಾಲವಿತ್ತು. ಲಾಟೀನಿಗೆ ಎಣ್ಣೆ ಹಾಕಿದವರು ಅಮ್ಮನ ಸೋದರತ್ತೆಯಲ್ಲವೆ? ಮದುವೆಯಾದ ಎರಡು ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತಮ್ಮನ ಮನೆ ಸೇರಿದವರು. ಅಂದಿನಿಂದ ಅವರು ಸಾಯುವವರೆಗೂ, ಹಾಲು ಉಕ್ಕಿದರೆ, ಕೊಡ ಜಾರಿದರೆ, ಯಾರಾದರೊಬ್ಬರು ಹೇಳುತ್ತಿದ್ದರಂತೆ: ‘ಎಣ್ಣೆ ಇಲ್ಲದ ಲಾಟೀನು ಕೊಟ್ಟು ಮಗೂನ ಕತ್ತಲಿಗೆ ಕಳಿಸಿದವಳಲ್ಲವೆ ಇವಳು?’ ನಾನು ಚಿಕ್ಕವನಿದ್ದಾಗ ಆ ಮುದುಕಿಯನ್ನು ಕಂಡಿದ್ದೇನೆ. ಯಾವ ಪಾತ್ರೆಗೆ ಏನು ಹೊಯ್ದರೂ ಎರಡು ಸಲ ಬಗ್ಗಿ ನೋಡುವ ಅಭ್ಯಾಸ ಅವರಿಗೆ. ನಾವು ಮಕ್ಕಳು ಅದನ್ನು ಕಂಡು ನಗುತ್ತಿದ್ದೆವು.

“ಅತ್ತೆ ಕಂಠದ ತನಕ ಎಣ್ಣೆ ತುಂಬಿದ್ರು,” ಎಂದರು ಅಮ್ಮ. “ಮನೆಗೆ ಬಂದಾಗ ಲಾಟೀನು ಯಾಕೆ ಆರೈತೆ ಅಂದ್ರು. ದೀಪ ಕೊಟ್ಟು ಕಳಿಸಿದ್ರೆ ಆರಿಸ್ಕೊಂಡು ಬಂದ್ಲು ಅಂದಾರು ಅಂತ ಹೆದರಿ, ಎಣ್ಣೆ ಮುಗೀತು ಅಂದೆ. ಗಡಿಬಿಡೀಲಿ ಯಾರೂ ಬುರುಡೆ ಅಲ್ಲಾಡಿಸಿ ನೋಡ್ನಿಲ್ಲ. ಅತ್ತೆಗೆ ಗೊತ್ತಿತ್ತು. ಮಾರನೆ ದಿನ ಅವರೇ ಲಾಟೀನು ಒರೆಸಿ ಇಟ್ರು. ಎಣ್ಣೆ ಇದ್ದದ್ದು ಕಾಣದೆ ಇರ್ತದಾ? ನನ್ನ ಮುಖ ನೋಡಿದ್ರು. ಏನೂ ಅನ್ನಲಿಲ್ಲ. ಕೊನೇ ತನಕ ಅನ್ನಲಿಲ್ಲ.”

ಅರವತ್ತೇಳು ವರ್ಷ ಅಮ್ಮ ಈ ಮಾತನ್ನು ಒಳಗಿಟ್ಟುಕೊಂಡಿದ್ದರು. ಅಪ್ಪನಿಗೆ ಹೇಳಲಿಲ್ಲ, ನನಗೆ ಹೇಳಲಿಲ್ಲ, ಆ ರಾತ್ರಿ ಹುಟ್ಟಿದ ತಮ್ಮನಿಗೂ ಹೇಳಲಿಲ್ಲ. ಒಂದು ಕಪ್ಪು ತೆರೆ ತಪ್ಪಾಗಿ ಕಪ್ಪಾದುದನ್ನು ತಿದ್ದುವಾಗ ಅದು ಬಾಯಿಗೆ ಬಂದಿತು. ಅವರು ಸುಮ್ಮನೆ ‘ಚೆನ್ನಾಗಿದೆ’ ಎಂದಿದ್ದರೆ ಆಗುತ್ತಿತ್ತು. ಚಿತ್ರವೂ ಮುಗಿಯುತ್ತಿತ್ತು, ಮಾತೂ ಉಳಿಯುತ್ತಿತ್ತು. ಆದರೆ ಕಂಡದ್ದನ್ನು ಕಂಡಂತೆ ಹೇಳತೊಡಗಿದವರಿಗೆ ನಡುವೆ ನಿಲ್ಲುವುದು ಕಷ್ಟ.

ನಿರ್ದೇಶಕಿಯಾಗಿದ್ದ ಹುಡುಗಿ ಬಹಳ ಹೊತ್ತಿನ ಮೇಲೆ ಮೆಲ್ಲಗೆ ಕೇಳಿದಳು: “ಅಜ್ಜಿ, ಲಾಟೀನು ತಾನಾಗಿ ಆರಿದ ಹಾಗೇ ಬಿಡೋಣವೇ? ಹೇಗೂ ನೋಡುವವರಿಗೆ ಗೊತ್ತಾಗುವುದಿಲ್ಲ.”

“ಬ್ಯಾಡ ಕಣವ್ವ,” ಎಂದರು ಅಮ್ಮ. “ಗಾಜು ಎತ್ತಿ ಊದಿದ್ದು ತೋರಿಸ್ರಿ. ಊದಿದ್ದು ನಾನು.”

ಹಾಗೆಯೇ ಮಾಡಿದರು. ಮತ್ತೊಂದು ಮೋಡದ ದಿನಕ್ಕಾಗಿ ಕಾದು ಆ ಒಂದು ದೃಶ್ಯವನ್ನು ತೆಗೆದರು. ಕತ್ತಲೆಗೆ ನಮ್ಮ ಕಣ್ಣು ಚೆನ್ನಾಗಿ ಹೊಂದಿಕೊಳ್ಳಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕಂತೆ. ಹುಡುಗನು ಅದನ್ನು ಇಪ್ಪತ್ತು ಸೆಕೆಂಡಿಗೆ ಅಡಕಮಾಡಿದನು. ಹುಡುಗಿ ಗಾಜೆತ್ತಿ ಊದುತ್ತಾಳೆ. ತೆರೆ ಕಪ್ಪಾಗುತ್ತ ಹೋಗಿ, ಪೂರ್ತಿ ಕಪ್ಪಾಗುವ ಮುನ್ನ ತಡೆದು ನಿಂತು, ನಿಧಾನವಾಗಿ, ಕಂಡೂ ಕಾಣದಂತೆ, 480 ಚಿತ್ರಗಳಲ್ಲಿ ಒಂದೊಂದೂ ಹಿಂದಿನದಕ್ಕಿಂತ ಒಂದೆಳೆ ಹೆಚ್ಚು ಬೆಳಗುತ್ತ, ಮೊದಲು ಬದು, ಆಮೇಲೆ ತೆನೆ, ಆಮೇಲೆ ಗುಡ್ಡ. ಲಂಗ ಮಾತ್ರ ಕಪ್ಪಾಗಿಯೇ ಇರುತ್ತದೆ.

ಕಾಲೇಜಿನಲ್ಲಿ ಚಿತ್ರ ತೋರಿಸಿದ ದಿನ ಅಮ್ಮನನ್ನು ಮುಂದಿನ ಸಾಲಿನಲ್ಲಿ ಕೂರಿಸಿದ್ದೆವು. ಮುಗಿದ ಮೇಲೆ ಜನ ಚಪ್ಪಾಳೆ ತಟ್ಟಿದರು. ರಾತ್ರಿಯಲ್ಲಿ ಅಷ್ಟು ಸೊಗಸಾಗಿ ಹೇಗೆ ತೆಗೆದಿರಿ ಎಂದು ಒಬ್ಬರು ಹುಡುಗರನ್ನು ವಿಚಾರಿಸಿದರು. ಮೊದಲು ಮಾಡಿದ ಹುಣ್ಣಿಮೆಯ ಚಿತ್ರವೇ ಕಣ್ಣಿಗೆ ಇದಕ್ಕಿಂತ ಸೊಗಸಾಗಿತ್ತೆಂಬುದು ನಮಗಷ್ಟೇ ಗೊತ್ತು.

ಮನೆಗೆ ಮರಳುವಾಗ ರಾಜಾಜಿನಗರದ ಬೀದಿದೀಪಗಳೆಲ್ಲ ಉರಿಯುತ್ತಿದ್ದುವು. ಆಟೋದಲ್ಲಿ ಅಮ್ಮ ಒಂದೇ ಮಾತು ಕೇಳಿದರು. “ಕೊನೇಲಿ ಹೆಸರು ಬಂತಲ್ಲ, ನನ್ನ ಹೆಸರಿನ ಮೇಲೆ ಇನ್ನೊಂದು ಇತ್ತಲ್ಲ, ಏನದು? ನನಗೆ ಓದಕಾಗ್ನಿಲ್ಲ.”

ಸೋದರತ್ತೆಯ ಹೆಸರು ಅದೆಂದು ಹೇಳಿದೆ. ಮಕ್ಕಳೇ ಹಾಕಿದ್ದರು, ನಾನು ಹೇಳಿದ್ದಲ್ಲ ಎಂದೂ ಹೇಳಿದೆ. ಅಮ್ಮ ಹೂಂ ಎಂದರು. ಮನೆ ಬರುವವರೆಗೂ ಕೆಳಗೆ ಓಡುವ ದೀಪಗಳನ್ನು ನೋಡದೆ, ಮೇಲೆ ಆಕಾಶವನ್ನು, ಸ್ವಲ್ಪ ಓರೆಯಾಗಿ, ನೋಡುತ್ತಿದ್ದರು.